ಹನ್ನೊಂದು ಹೊಟ್ಟೆನೋವು

ಪುರವರ ಹೋಬಳಿ
೧೨-೬-೧೯೮೫

ಅಡವಯ್ಯನವರೇ,

ನನ್ನ ತಂಗಿ ಭೀಮಕ್ಕ ಗಂಡನ ಮನೆಯ ಹೊಡೆತ ತಾಳಲಾರದೆ ಜೀವ ಕಳೆದುಕೊಂಡಳೆಂದು ಪೊಲೀಸರಿಗೆ ಬರೆಸುತ್ತೇನೆ ಎಂದಿರಿ. ಬರೆಸಲಿಲ್ಲ. ಮೈಮೇಲಿನ ಬಾಸುಂಡೆ ತೋರಿಸುತ್ತೇನೆ ಎಂದಿರಿ. ಸೆರಗು ಹೊದಿಸಿ ಮುಚ್ಚಿದಿರಿ. ಮಹಜರಿನ ನಕಲು ಕೇಳಿದರೆ ಇಲ್ಲವೆಂದಿರಿ.

ನಕಲು ನನಗೆ ಸಿಕ್ಕಿದೆ. 'ಹೊಟ್ಟೆನೋವು ತಾಳಲಾರದೆ' ಎಂದಿದೆ, ಕೆಳಗೆ ನಿಮ್ಮ ಸಹಿ. ಹತ್ತು ವರ್ಷದಲ್ಲಿ ನಮ್ಮೂರಲ್ಲಿ ಹೀಗೆ ಸತ್ತ ಹೆಂಗಸರು ಹನ್ನೊಂದು ಜನ. ಮೊದಲ ಐದು ವರ್ಷಕ್ಕೆ ಮೂವರು, ಆಮೇಲೆ ಎಂಟು ಮಂದಿ. ಎಲ್ಲರಿಗೂ ಹೊಟ್ಟೆನೋವು, ಎಲ್ಲದಕ್ಕೂ ಪಂಚರು ನೀವೇ. ಇಷ್ಟು ಹೊಟ್ಟೆನೋವಿನ ಊರಿಗೆ ಒಬ್ಬ ಡಾಕ್ಟರನ್ನಾದರೂ ಕರೆಸಿದಿರಾ?

"ಸತ್ತೋಳು ಎದ್ದು ಬತ್ತಾಳೇನಮ್ಮ? ಊರಿನ ಮರ್ಯಾದೆ ನೋಡು" ಅಂದಿರಿ. ಭೀಮಕ್ಕನ ಗಂಡನ ಮನೆಯವರು ಈಗ ನಮ್ಮೂರ ಕ್ಯಾತಮ್ಮನ ಮಗಳನ್ನು ಎರಡನೇ ಸಂಬಂಧಕ್ಕೆ ಕೇಳಿದ್ದಾರೆ. ಹುಡುಗಿಗೆ ಹದಿನೇಳು. ಕ್ಯಾತಮ್ಮ ನನ್ನ ಮಾತು ನಂಬುತ್ತಿಲ್ಲ. "ಅಯ್ನೋರೇ ಸೈನ್ ಹಾಕವ್ರಲ್ಲ ಕಣಕ್ಕ, ಹೊಟ್ಟೆನೋವಂತೆ" ಅನ್ನುತ್ತಾಳೆ.

ನಮ್ಮ ಮಹಿಳಾ ಸಂಘದ ಅರ್ಜಿಯ ಮೇಲೆ ಮರುವಿಚಾರಣೆಗೆ ತಹಶೀಲ್ದಾರ್ ಸಾಹೇಬರು ಬರುತ್ತಿದ್ದಾರೆ. ಕ್ಯಾತಮ್ಮನನ್ನೂ ಮಗಳನ್ನೂ ಕರೆತಂದು ಮುಂದೆ ಕೂರಿಸುತ್ತೇನೆ. ನೀವು ಕಂಡದ್ದನ್ನು ಅವರೆಲ್ಲರ ಎದುರು ಹೇಳಿ. ಬರದಿದ್ದರೆ ಎಲ್ಲ ಹೆಂಗಸರೂ ನಿಮ್ಮ ಜಗುಲಿಗೇ ಬರುತ್ತೇವೆ.

ಸೋಮವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ, ಸ್ಕೂಲಿನ ಮುಂದೆ.

ಹೊನ್ನಕ್ಕ