ಏನೂ ಹೊರದ ಗೋಡೆ

ಅಕ್ಕಲಕೋಟ ರಸ್ತೆ, ಸೊಲ್ಲಾಪುರ
೧೮ ಮೇ ೨೦೨೫

ಪ್ರೀತಿಯ ಪ್ರಸಾದಣ್ಣಾ,

ಸೂರತ್ತಿನಲ್ಲಿ ಬಿಸಿಲು ಹೇಗಿದೆ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ಅವ್ವ ಆರಾಮಾಗಿದ್ದಾಳೆ. ಶ್ರಾವಣದಲ್ಲಿ ನಿನ್ನ ಹೊಸ ಅಂಗಡಿ ತೆರೆಯುವ ದಿನ ಯಾರ್ಯಾರನ್ನು ಕರೆಯಬೇಕೆಂದು ದಿನಾ ಹೆಸರು ಹೇಳುತ್ತ ಕೂರುತ್ತಾಳೆ. ನಾಲ್ಕು ದಿನದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಅದಕ್ಕೇ ಚಾದರ್ ಲಾರಿಯವನ ಕೈಯಲ್ಲಿ ಈ ಕಾಗದ.

ನಾನು ನಕ್ಷೆ ಮಾಡಿದ ಇಲ್ಲಿನ ಹದಿನಾಲ್ಕು ಮಹಡಿಯ ಕಟ್ಟಡದಲ್ಲೇ ನೀನು ಕೆಳಗಿನ ಎರಡು ಅಂಗಡಿ ಹಿಡಿದೆ ಎಂದು ನಾನೂ ಹಿಗ್ಗಿದ್ದೆ. ಬುಧವಾರ ಆ ಕಡೆ ಹೋದರೆ ಅಂಗಡಿಗಳ ನಡುವಿನ ಗೋಡೆಯಲ್ಲಿ ಎತ್ತಿನ ಗಾಡಿ ನುಗ್ಗುವಷ್ಟು ಬಾಗಿಲು. ಗಾರೆ ಕೆಲಸದ ಗವಂಡಿ ನಿಂಗಣ್ಣ ಬೆವರು ಒರೆಸುತ್ತ ಹೇಳಿದ: "ಅಕ್ಕಾರ, ಇದು ಇಟ್ಟಂಗಿ ಗ್ವಾಡಿ ಅಲ್ರಿ, ಒಳಗ ಬರೇ ಸಳಿ ಅದಾವ. ಮಾಲಕರು, ನಿಮ್ಮಣ್ಣಾರು, ಕೊಯ್ದು ಒಗಿ ಅಂದ್ರು." ಕಬ್ಬಿಣದ ಸಳಿ ಕತ್ತರಿಸಿ ಮೂಲೆಗೆ ಒಟ್ಟಿದ್ದ. ಕೆಲಸ ನಿಲ್ಲಿಸಿ ಆಸರೆಗೆ ಕಬ್ಬಿಣದ ಕಂಬ ಕೊಡಿಸಿದೆ. ಅದು ಸಾಲದು.

ಅಣ್ಣಾ, ಆ ಗೋಡೆ ಗಾಳಿಗಾಗಿ ಇದೆ. ವಳಸಂಗದ ಹೊಲದಲ್ಲಿ ತಗಡು ಹೊತ್ತು ಬರುವಾಗ ಗಾಳಿ ನಿನ್ನನ್ನು ತಗಡಿನ ಸಮೇತ ಬದುವಿಗೆ ಒಗೆದಿತ್ತು, ನೆನಪಿದೆಯಾ? ತಗಡು ಭಾರವಿರಲಿಲ್ಲ, ಅಡ್ಡ ನಿಂತಿತ್ತು. ಕಟ್ಟಡವೂ ಹಾಗೇ ಅಡ್ಡ ನಿಲ್ಲುತ್ತದೆ. ಎತ್ತರ ಹೋದಷ್ಟೂ ಗಾಳಿ ಜೋರಾಗಿ ತಳ್ಳುತ್ತದೆ, ಆ ತಳ್ಳಾಟ ಆ ಗೋಡೆ ಹಿಡಿದು ಬುನಾದಿಗೆ ಇಳಿಯಬೇಕು. ನಿನ್ನ ಕಪಾಟು ಅಗಲವಾಗಲೆಂದು ಮೇಲಿನ ಐವತ್ತೆರಡು ಮನೆಯವರು ಜೀವ ಯಾಕೆ ಒಡ್ಡಬೇಕು? ಗಾಳಿಗೆ ಮಾಲೀಕ ಯಾರೆಂದು ಗೊತ್ತಿಲ್ಲ.

ಹನ್ನೆರಡನೆಯ ಮಹಡಿಯ ಸಾವಿತ್ರಿಬಾಯಿ ಮೂವತ್ತು ವರ್ಷ ಎಂಐಡಿಸಿಯ ಕಾರ್ಖಾನೆಯಲ್ಲಿ ಟವೆಲ್ ಅಂಚು ಹೊಲಿದವಳು. ಮೊನ್ನೆ ಚಹಾ ಕೊಟ್ಟು, "ಗಾಳಿ ಎಷ್ಟ ಚಲೋ ಬರ್ತದ ನೋಡವಾ, ಫ್ಯಾನ್ ಹಾಕೂದ ಬಿಟ್ಟೀನಿ" ಅಂದಳು. ಗೋಡೆ ಸರಿಯಾಗುವವರೆಗೆ ಅವಳಿಗೆ ಮನೆ ಖಾಲಿ ಮಾಡು ಎನ್ನಬೇಕಾದವಳು ನಾನು. ಕೂಲಿ ಮಜೂರರ ಮೋರ್ಚಾದಲ್ಲಿ ಮಾಲೀಕರ ವಿರುದ್ಧ ಎಷ್ಟೋ ಸಲ ಕೂಗಿದ್ದೇನೆ. ಸ್ವಂತ ಅಣ್ಣನ ವಿರುದ್ಧ ಮಾತಾಡುವುದು ಇದೇ ಮೊದಲು. ದಣಿದಿದ್ದೇನೆ.

ಸಳಿ ಜೋಡಿಸಿ ಮತ್ತೆ ಕಾಂಕ್ರೀಟು ತುಂಬಬೇಕು. ನಿನ್ನ ಅಂಗಡಿ ಎರಡಾಗಿಯೇ ಉಳಿಯಬೇಕು.

ವೈನಿಗೆ ನನ್ನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಸಾರಿಕಾ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಇಂದು ಬೆಳಿಗ್ಗೆ ದೂರಿನ ಅರ್ಜಿ ಬರೆದೆ, ನಾಳೆ ಪಾಲಿಕೆಗೆ ಕೊಡುತ್ತೇನೆ. ಹೋದ ದೀಪಾವಳಿಗೆ ಊಟಕ್ಕೆ ಕೂತಾಗ ನೀನು "ಆ ಗ್ವಾಡಿ ಮ್ಯಾಲ ಬೀಮ್ ಕುಂತದೇನ?" ಎಂದು ಕೇಳಿದ್ದೆ. ನಾನು ರೊಟ್ಟಿ ಮುರಿಯುತ್ತ "ಇಲ್ಲ" ಅಂದಿದ್ದೆ. ಯಾಕೆ ಕೇಳುತ್ತಿ ಎಂದು ನಾನು ಕೇಳಲಿಲ್ಲ, ಅದು ಗಾಳಿಗಾಗಿ ಇರುವ ಗೋಡೆ ಎಂದೂ ಹೇಳಲಿಲ್ಲ. ಅರ್ಜಿಯಲ್ಲಿ ಅದನ್ನೂ ಬರೆದಿದ್ದೇನೆ, ತಪ್ಪು ಮಾಡಿದವರಲ್ಲಿ ನಿನ್ನ ಹೆಸರಿನ ಕೆಳಗೆ ನನ್ನ ಹೆಸರೂ ಇದೆ. ಪಾಲಿಕೆಯ ನೋಟಿಸು ಮರಾಠಿಯಲ್ಲಿ ಬರುತ್ತದೆ, ಅದನ್ನು ಓದಲು ಬಾರದ ಅವ್ವ ನನ್ನ ಕೈಗೇ ಕೊಟ್ಟು ಓದು ಅನ್ನುತ್ತಾಳೆ. ಅಷ್ಟರೊಳಗೆ ಬಾ. ನಿನ್ನ ಹೆಸರು ನೀನೇ ಓದು, ನನ್ನದು ನಾನು ಓದುತ್ತೇನೆ.