ಎಂಜಿನ್ ಕೆಮ್ಮಿದ ಹನ್ನೆರಡು ದಿನ

ಫೆಬ್ರವರಿ 24, ಮಂಗಳವಾರ. ಬೆಳಿಗ್ಗೆ 7.10

ನೂರ ತೊಂಬತ್ತೆರಡು ಪುಟಗಳ ಸಾಮ್ರಾಜ್ಯಕ್ಕೆ ಏಕೈಕ ಚಕ್ರವರ್ತಿಗಳೂ, ಗ್ರೀಸ್ ಕಲೆಗಳೆಂಬ ಆಭರಣಗಳಿಂದ ಶೋಭಿಸುವವರೂ, ಎಷ್ಟು ಬೈದುಕೊಂಡರೂ ತಿರುಗಿ ಮಾತಾಡದ ಮಹಾನುಭಾವರೂ ಆದ ಶ್ರೀಮನ್ಮಹಾ ದಿನಚರಿ ಪ್ರಭುಗಳ ಪಾದಾರವಿಂದಗಳಿಗೆ, ದೋಣಿಯ ತಳದ ಕೊಳಕು ನೀರೆತ್ತುವ ಖಾತೆಯ ಸಚಿವೆಯಾದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಅರಿಕೆ ಏನೆಂದರೆ — ಎಂಜಿನ್ ಕೆಮ್ಮುತ್ತಿದೆ.

ಒಂಬತ್ತನೇ ಬಕೆಟ್ ಸುರಿಯುತ್ತಿದ್ದೆ. ಮಳೆಗಾಲ ಮುಗಿದಾಗಿನಿಂದ ಹಾಯಿಯಲ್ಲೇ ಓಡಾಡಿದ್ದ ದೋಣಿಯ ಒಡತಿ, ನನ್ನ ಸೋದರತ್ತೆ, ಇವತ್ತೇ ಮೊದಲ ಸಲ ಥ್ರಾಟಲ್ ಪೂರ್ತಿ ತಳ್ಳಿದರು. ನಿಮಿಷಕ್ಕೆ ಮೂರು ಸಾವಿರ ಸುತ್ತಬೇಕಾದ ಎಂಜಿನ್ ಸಾವಿರದ ಒಂಬೈನೂರಕ್ಕೇ ನಿಂತಿತು. ಹಿಂದಿನಿಂದ ಕಪ್ಪು ಹೊಗೆ. ವೇಗ ಮೂರು ನಾಟ್, ಅಂದರೆ ಗಂಟೆಗೆ ಐದೂವರೆ ಕಿಲೋಮೀಟರ್. ಹುಟ್ಟು ಹಾಕಿಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಮ್ಮನ್ನು ದಾಟಿ, ಹಿಂತಿರುಗಿ ಕೈ ಬೀಸಿದರು. ಅತ್ತೆಯ ಮುಖ ನೋಡಬೇಕಿತ್ತು.

ನಗುವ ವಿಷಯವಲ್ಲ, ನಿಜ. ಮಾರ್ಚ್ ಏಳು, ಶನಿವಾರ, ದ್ವೀಪದಲ್ಲಿರುವ ಚಿಕ್ಕಜ್ಜಿಗೆ ಎಪ್ಪತ್ತೈದು ತುಂಬುತ್ತದೆ. ಅಲ್ಲಿಗೆ ಹೋಗುತ್ತಿದ್ದ ಲಾಂಚ್ ನಿಂತು ಎರಡು ವರ್ಷ. ಅಂದಿನಿಂದ ಅಜ್ಜಿ ಮತ್ತು ಚಿಕ್ಕಜ್ಜಿ ಫೋನಿನಲ್ಲೇ ಇಸ್ಪೀಟ್ ಆಡುತ್ತಾರೆ. ಇಬ್ಬರ ಕೈಯಲ್ಲೂ ಯಾವಾಗಲೂ ರಾಜನೇ. ಎರಡು ವರ್ಷದ ಜಗಳ ಮುಖಾಮುಖಿ ತೀರಬೇಕೆಂದು ಅಜ್ಜಿ ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿಟ್ಟಿದ್ದಾಳೆ. ಆದರೆ ದ್ವೀಪಕ್ಕೆ ಮುಂಚೆ ಎರಡು ಬಂಡೆಗಳ ನಡುವೆ ಇಕ್ಕಟ್ಟಾದ ದಾರಿ. ಗಾಳಿಗೆ ಮರೆ, ಹಾಯಿ ಬಿಚ್ಚಿದರೆ ಜೋತುಬೀಳುತ್ತದೆ. ಎದುರಿಗೆ ನಾಲ್ಕು ನಾಟ್ ಸೆಳೆತ. ಮೂರು ನಾಟ್ ದೋಣಿ ಅಲ್ಲಿ ಹಿಂದಕ್ಕೇ ಹೋಗುತ್ತದೆ.

ಅದೇ ದಿನ. ಸಂಜೆ

ರಾಜಾಜ್ಞೆ ಹೊರಟಿದೆ. ಕಳೆದ ವಾರ ನಾನು ದುರ್ಬೀನಿನ ಅಂಚಿಗೆ ಮಸಿ ಬಳಿದಿದ್ದೆ. ಅತ್ತೆ ಕಣ್ಣ ಸುತ್ತ ಎರಡು ಕಪ್ಪು ಬಳೆ ಹೊತ್ತು ಬಂದರಿನ ಅಧಿಕಾರಿಯ ಜೊತೆ ಅರ್ಧ ಗಂಟೆ ಗಂಭೀರವಾಗಿ ಮಾತಾಡಿದ್ದರು. ಆ ಗಾಯ ಇನ್ನೂ ಮಾಯ್ದಿಲ್ಲ.

“ನೋಡೇ, ಚಿಕ್ಕಜ್ಜಿ ಮನೆ ಮುಟ್ಟೋವರೆಗೆ ಒಂದೇ ಒಂದು ಕಿತಾಪತಿ ಮಾಡು. ಒಂದೇ! ನಿನ್ನ ದಡದಲ್ಲೇ ಬಿಟ್ಟು ಹೋಗ್ತೀನಿ.”

“ಕಿತಾಪತಿ ಅಂದ್ರೇನು ಅತ್ತೆ?”

“ಈಗ ಮಾಡ್ತಿದೀಯಲ್ಲ, ಅದೇ.”

ಹತ್ತೊಂಬತ್ತು ವರ್ಷದ ಸಾರ್ವಜನಿಕ ಸೇವೆಗೆ ಇದು ಬಹುಮಾನ.

ಫೆಬ್ರವರಿ 26, ಗುರುವಾರ

ಎಂಜಿನ್ ರಿಪೇರಿ ಮೇಸ್ತ್ರಿ ಬಂದರು. ಗುಪ್ತನಾಮ ‘ಹ್ಞೂಂ ಮೇಸ್ತ್ರಿ’. ಅತ್ತೆ ಹತ್ತು ನಿಮಿಷ ರೋಗಲಕ್ಷಣ ವಿವರಿಸಿದರು.

“ಹ್ಞೂಂ.”

ಎಂಜಿನ್ ಹಾಕಿಸಿದರು, ಹೊಗೆ ಮೂಸಿದರು, ಕೆಮ್ಮಿದರು. ಈಗ ಕೆಮ್ಮುವವರು ಇಬ್ಬರು. ಆಮೇಲೆ ಈ ವರ್ಷದ ಅತಿ ದೀರ್ಘ ಭಾಷಣ: “ಕಪ್ಪು ಹೊಗೆ ಅಂದ್ರೆ ಡೀಸೆಲ್ ಪೂರ್ತಿ ಉರೀತಿಲ್ಲ ಅಕ್ಕಾ. ಒಂದೋ ಗಾಳಿ ಸಾಲ್ತಿಲ್ಲ. ಇಲ್ಲಾ, ಭಾರ ಜಾಸ್ತಿ ಆಗಿದೆ.”

“ಗಾಳಿ ಫಿಲ್ಟರ್ ನಾನೇ ಕೈಯಾರೆ ತೊಳೆದಿದೀನಿ. ಗಾಳಿ ಮಾತೇ ಬೇಡ.”

“ಹ್ಞೂಂ.” ಈ ಹ್ಞೂಂ ಬೇರೆ ಥರದ್ದು. ನಂಬಿಕೆ ಇಲ್ಲ, ಆದರೆ ಪ್ರಾಣಭಯ ಇದೆ.

ಆದರೂ ಇರಲಿ ಎಂದು ಡೀಸೆಲ್ ಫಿಲ್ಟರ್ ಬದಲಾಯಿಸಿದೆವು. ಹಳೆಯದರೊಳಗೆ ಕಪ್ಪು ಲೋಳೆ. ಎಲ್ಲರಿಗೂ ಸಂತೋಷ. ಎಂಜಿನ್‌ಗೆ ಮಾತ್ರ ಏನೂ ಅನ್ನಿಸಲಿಲ್ಲ. ಸಾವಿರದ ಒಂಬೈನೂರು.

ಮಾರ್ಚ್ 1, ಭಾನುವಾರ

ಭಾರದ ಪರೀಕ್ಷೆ. ಭಾರ ಅಂದರೆ ಪ್ರೊಪೆಲ್ಲರ್. ನೀರಿಗಿಳಿಯುವ ಕೆಲಸ ಸಚಿವೆಗೆ. ಮುಳುಗಿ ನೋಡಿದರೆ ಮೂರು ರೆಕ್ಕೆಯ ತುಂಬ ಚಿಪ್ಪು, ಗುಡಿಸಲು ಕಟ್ಟಿಕೊಂಡು ಸುಖವಾಗಿ ಸಂಸಾರ ಹೂಡಿದ್ದವು. ಮೊಂಡು ಕತ್ತಿಯಿಂದ ಕೆರೆದೆ. ಒಂದೊಂದು ಸಂಸಾರಕ್ಕೂ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಬೆರಳು ತರಚಿತು, ಮೂಗಿಗೆ ಉಪ್ಪುನೀರು ಹೋಯಿತು.

ಎರಡು ಸಾವಿರದ ನೂರು! ಅಜ್ಜಿ ದಂಡೆಯ ಮೇಲಿನಿಂದ ಚಪ್ಪಾಳೆ ತಟ್ಟಿದಳು. ಮೂರೂವರೆ ನಾಟ್. ಸಾಲದು.

ಮಧ್ಯಾಹ್ನ ಅತ್ತೆ ತಮ್ಮ ಪವಿತ್ರ ಪಟ್ಟಿಯನ್ನು ದೋಣಿಯ ಕ್ಯಾಬಿನ್ ಗೋಡೆಯಿಂದ ಇಳಿಸಿದರು. ಮಳೆಗಾಲಕ್ಕೆ ದೋಣಿ ಮೇಲೆಳೆದು ಮಲಗಿಸುವಾಗ ಮಾಡುವ ಇಪ್ಪತ್ತೆರಡು ಕೆಲಸ, ಅಚ್ಚಿನಂಥ ಅಕ್ಷರದಲ್ಲಿ. ಮಲಗಿಸುವಾಗ ಮೇಲಿನಿಂದ ಕೆಳಕ್ಕೆ ಓದಬೇಕು. ಎಬ್ಬಿಸುವಾಗ ಕೆಳಗಿನಿಂದ ಮೇಲಕ್ಕೆ, ಮಾಡಿದ್ದನ್ನೆಲ್ಲ ಬಿಚ್ಚುತ್ತಾ. ಹದಿನಾಲ್ಕು ವರ್ಷದಿಂದ ಇದೇ ಪದ್ಧತಿ. ಇಪ್ಪತ್ತೆರಡರಿಂದ ಒಂದರವರೆಗೆ ಗಟ್ಟಿಯಾಗಿ ಓದಿದರು. ಎಲ್ಲಕ್ಕೂ ಗುರುತು ಬಿದ್ದಿದೆ.

“ನನ್ನ ಕಡೆಯಿಂದ ತಪ್ಪಿಲ್ಲ,” ಎಂದರು.

“ಹ್ಞೂಂ.”

ಮಾರ್ಚ್ 4, ಬುಧವಾರ

ಎರಡು ದಿನ ಬರೆಯಲಾಗಲಿಲ್ಲ. ಕೈ ಇರಲಿಲ್ಲ; ಮಸಿ ಇತ್ತು. ಹೊಗೆ ಹೊರಹೋಗುವ ಕೊಳವೆ ಬಿಚ್ಚಿದೆವು. ಒಳಗೆ ಗಟ್ಟಿ ಮಸಿ ಕಟ್ಟಿಕೊಂಡು, ಹೆಬ್ಬೆರಳು ತೂರುವಷ್ಟೇ ಕಿಂಡಿ ಉಳಿದಿತ್ತು. “ಸಿಕ್ಬಿಡ್ತು ಕಳ್ಳ!” — ಮೇಸ್ತ್ರಿಯ ಬಾಯಿಂದ, ಹ್ಞೂಂ ಬಿಟ್ಟು! ಉಳಿ ಹಿಡಿದು ಕುಟ್ಟಿ, ಸೀಮೆಎಣ್ಣೆಯಲ್ಲಿ ನೆನೆಸಿ, ಮತ್ತೆ ಕುಟ್ಟಿ… ಫಳಫಳ.

ಎರಡು ಸಾವಿರದ ಇನ್ನೂರು. ಹೊಗೆ ಮೊದಲಿನಷ್ಟೇ ಕಪ್ಪು.

ಮೇಸ್ತ್ರಿ ಚೀಲ ಕಟ್ಟಿಕೊಂಡು, ನಾಡಿದ್ದು ಬರುತ್ತೇನೆಂದು ಹೋದರು. ಅಜ್ಜಿ ಅಡುಗೆಮನೆಯಿಂದ ಫೋನಿನಲ್ಲಿ ಹೇಳುವುದು ಕೇಳಿಸಿತು: “ಬರ್ತೀನಿ ಕಣೇ. ಬಾರದೆ ಎಲ್ಲಿ ಹೋಗ್ಲಿ? ಆ ರಾಜನ್ನ ತಲೆದಿಂಬಿನ ಕೆಳಗಿಟ್ಕೊಂಡಿದೀಯಲ್ಲ, ಅದನ್ನ ನಾನೇ ಬಂದು ಹಿಡೀಬೇಕು.” ಫೋನ್ ಇಟ್ಟಳು. ಪೆಟ್ಟಿಗೆಯ ಬೀಗ ತೆಗೆದು, ಮತ್ತೆ ಹಾಕಿದಳು.

ತಮಾಷೆ ಬರೆಯಲು ಮನಸ್ಸಾಗುತ್ತಿಲ್ಲ ಪ್ರಭುಗಳೇ.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ 1.40

ಡಂಗುರ ಹೊಡೆಯಿಸಿ! ಕಹಳೆ ಊದಿಸಿ!

ಅತ್ತೆ, ಮೇಸ್ತ್ರಿ ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ಎಂಜಿನ್ ಗೂಡಿನಲ್ಲಿ ಬೋರಲು ಮಲಗಿದ್ದೆ. ತರ್ಕಿಸಿದೆ: ಭಾರ ಇಳಿಸಿದ್ದಾಯಿತು, ಹೊಗೆಗೆ ದಾರಿ ಬಿಟ್ಟಿದ್ದಾಯಿತು, ಉಳಿದದ್ದು ಗಾಳಿ. ಫಿಲ್ಟರ್ ಶುದ್ಧವಾಗಿರಬಹುದು, ಅದರಾಚೆ? ಕ್ಲಿಪ್ ಸಡಿಲಿಸಿ, ಫಿಲ್ಟರಿನ ಹಿಂದಿನ ಕೊಳವೆಯೊಳಗೆ ಎರಡು ಬೆರಳು ಹಾಕಿದೆ. ತಿರುವಿನಲ್ಲಿ ಏನೋ ಮೆತ್ತಗೆ ತಾಗಿತು. ಇಲಿ ಎಂದು ಕಿರುಚಿ ತಲೆಯನ್ನು ಹಲಗೆಗೆ ಗುದ್ದಿಕೊಂಡೆ. ಇಲಿಯಲ್ಲ. ಎಳೆದೆ. ಬಂತು… ಬಂತು… ಬರುತ್ತಲೇ ಇತ್ತು. ಹಸಿರು ಚೌಕಳಿಯ ಹಳೇ ಟವೆಲ್. ಅರ್ಧ ಹರಿದು, ಎಂಜಿನ್ ಎಳೆದ ಎಳೆತಕ್ಕೆ ಒಳಗೆ ಸರಿದು, ಇಷ್ಟೇ ಇಷ್ಟು ಸಂದು ಬಿಟ್ಟು ಕೂತಿತ್ತು. ಪಾಪದ ಎಂಜಿನ್ ಇಷ್ಟು ದಿನ ಮೂಗಿಗೆ ಬಟ್ಟೆ ತುರುಕಿಕೊಂಡು ಮೆಟ್ಟಿಲು ಹತ್ತುತ್ತಿತ್ತು!

ಅತ್ತೆ ಬಂದರು. ನೋಡಿದರು.

“ಇದು… ನನ್ನ ಟವೆಲ್.”

ಮೆಲ್ಲಗೆ ಪಟ್ಟಿ ಇಳಿಸಿದರು. ಹಾಳೆ ತಿರುಗಿಸಿದರು. ಇಪ್ಪತ್ತೆರಡಕ್ಕೆ ಹಾಳೆ ತುಂಬಿದ್ದರಿಂದ ಬೆನ್ನಿಗೆ ಬರೆದಿದ್ದು, ಅದೇ ಅಚ್ಚಿನಂಥ ಅಕ್ಷರ: ‘23. ತೇವ ಒಳಹೋಗದಂತೆ ಗಾಳಿ ಕೊಳವೆಗೆ ಬಟ್ಟೆ ತುರುಕುವುದು.’ ಹಿಂದಿನ ಮಳೆಗಾಲದಲ್ಲಿ ಹೊಸದಾಗಿ ಸೇರಿಸಿದ್ದು. ಕೆಳಗಿನಿಂದ ಮೇಲಕ್ಕೆ ಓದುವವರಿಗೆ ಬೆನ್ನು ಕಾಣುವುದಿಲ್ಲ.

ಮೇಸ್ತ್ರಿ ಬಾಯಿ ತೆರೆದರು.

“ಹ್ಞೂಂ ಅಂದ್ರೆ ನೀರಿಗೆ ತಳ್ತೀನಿ,” ಎಂದರು ಅತ್ತೆ.

ಮೇಸ್ತ್ರಿ ನಕ್ಕರು! ಹಲ್ಲು ಇವೆ ಅವರಿಗೆ! ಅತ್ತೆಯೂ ನಕ್ಕು ನಕ್ಕು ಎಂಜಿನ್ ಮುಚ್ಚಳದ ಮೇಲೇ ಕೂತುಬಿಟ್ಟರು.

ಎರಡು ಸಾವಿರದ ಒಂಬೈನೂರ ಐವತ್ತು. ಹೊಗೆ ಇಲ್ಲ. ಐದೂವರೆ ನಾಟ್.

ಮಾರ್ಚ್ 7, ಶನಿವಾರ. 10.20

ಬಂಡೆಗಳ ನಡುವೆ. ದೋಣಿ ಅಲ್ಲಾಡುತ್ತಿದೆ, ಅಕ್ಷರಕ್ಕೆ ಕ್ಷಮೆ ಇರಲಿ. ಸೆಳೆತ ಗುಳುಗುಳು ಅನ್ನುತ್ತಿದೆ. ಎಡಗಡೆ ಬಂಡೆಯ ಮೇಲಿನ ಬಿಳಿ ಗುರುತು ಹಿಂದಕ್ಕೆ ಸರಿಯುತ್ತಿದೆ — ಆಮೆಯ ಹಾಗೆ, ಆದರೆ ಹಿಂದಕ್ಕೆ! ಅಜ್ಜಿ ಮುಂಭಾಗದಲ್ಲಿ ಪೆಟ್ಟಿಗೆಯ ಮೇಲೆ ಮಹಾರಾಣಿ.

“ಇನ್ನೂ ಜೋರು ಹೋಗೇ!”

“ಇಷ್ಟೇ ಜೋರು ಅಮ್ಮ, ಇದು ಹಾಯಿದೋಣಿ!”

“ಹಂಗಾದ್ರೆ ಇನ್ನೊಂದು ಟವೆಲ್ ಇದೆಯಾ ನೋಡ್ರೇ!”

ದಾಟಿದೆವು. ದಾಟಿದೆವು!!

ಅದೇ ದಿನ. ಸಂಜೆ 5.30. ಚಿಕ್ಕಜ್ಜಿಯ ಜಗಲಿ

ಕಟ್ಟೆಯ ಮೇಲೆ ಚಿಕ್ಕಜ್ಜಿ ಇಸ್ಪೀಟ್ ಕಟ್ಟು ಹಿಡಿದೇ ನಿಂತಿದ್ದಳು. ಅಪ್ಪಿಕೊಂಡರು, ಅತ್ತರು, ಮೂರೇ ನಿಮಿಷಕ್ಕೆ ಜಗಳ ಶುರು. ಈಗ ಹನ್ನೊಂದನೇ ಆಟ. ಇಬ್ಬರೂ ಮೋಸ ಮಾಡುತ್ತಿದ್ದಾರೆ, ಇಬ್ಬರಿಗೂ ಪರಮಾನಂದ.

ಊಟದ ಹೊತ್ತಿಗೆ ಅತ್ತೆ ಎದ್ದು ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟು, ಎಲ್ಲರ ಮುಂದೆ ಹೇಳಿದರು: “ನಾವೆಲ್ಲ ಕೈಚೆಲ್ಲಿದಾಗ ಇವಳೊಬ್ಬಳೇ ಕೂತು ಯೋಚನೆ ಮಾಡಿದ್ಲು. ಹತ್ತು ದಿನ ಒಂದು ಕಿತಾಪತಿ ಇಲ್ಲ. ನಮ್ಮ ಹುಡುಗಿ ದೊಡ್ಡವಳಾಗಿದಾಳೆ.” ಕಣ್ಣಲ್ಲಿ ನೀರು ಬೇರೆ. ವಾಪಸ್ ಹೋಗುವಾಗ ಚುಕ್ಕಾಣಿ ನನ್ನ ಕೈಗಂತೆ.

ಅನ್ನ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಪ್ರಭುಗಳೇ, ತಮಗೂ ಸುಳ್ಳು ಬರೆದಿದ್ದೇನೆ. ನಾನು ತರ್ಕಿಸಿರಲಿಲ್ಲ. ಆ ಕೊಳವೆಯೊಳಗೆ ಬೆರಳು ಹಾಕಿದ್ದು, ಅತ್ತೆ ಎಂಜಿನ್ ಹಾಕಿದೊಡನೆ ಅದು ಬೆಕ್ಕಿನ ಹಾಗೆ ಮಿಯಾಂವ್ ಅನ್ನಲಿ ಎಂದು ಒಂದು ಪೀಪಿ ಸಿಕ್ಕಿಸ—

ಅತ್ತೆ ಬರುತ್ತಿದ್