ಪೂರಾ ಒಂದು ನಿಮಿಷ

ಮಾರ್ಚ್ ೧೪, ಶನಿವಾರ

ಮುದ್ದು ಮಗಳೇ,

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಅಮ್ಮ ಮರೆತೇಬಿಟ್ಟಳು ಅಂತ ಬೈದುಕೊಂಡಿರುತ್ತೀಯ, ಬೈದುಕೋ. ಮೂರು ವಾರದ ಕೂಸಿರುವ ಮನೆಯಲ್ಲಿ ಪೆನ್ನು ಹಿಡಿಯಲು ಕೈ ಎಲ್ಲಿ ಬಿಡುವಾಗುತ್ತೆ ಹೇಳು. ನಿನ್ನ ತಮ್ಮನ ಮಗ ಚೆನ್ನಾಗಿದ್ದಾನೆ. ಹೆಸರಿನ ಚರ್ಚೆ ಮುಗಿಯುವಷ್ಟರಲ್ಲಿ ಗುಂಡ ಅನ್ನುವುದೇ ನಿಂತುಬಿಟ್ಟಿದೆ.

ಹೋದ ವಾರ ನಿಮ್ಮಪ್ಪನಿಂದ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ನಿದ್ದೆ ಮಾಡುತ್ತಿದ್ದ ಗುಂಡನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ಬಿಳಿಚಿಕೊಂಡು, ಎಪ್ಪತ್ತಾರು ಅಂದರು. ನಿಮಿಷಕ್ಕೆ ಅಷ್ಟು ಸಲ ಉಸಿರಾಡುತ್ತಿದೆಯಂತೆ. ಸೊಸೆ ಅಳಲು ಶುರು ಮಾಡಿದಳು. ನಿನ್ನ ತಮ್ಮ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಗಾಡಿ ತರಲು ಓಡಿದ.

ಆಸ್ಪತ್ರೆಯ ನರ್ಸಮ್ಮ ನಿಧಾನಸ್ಥೆ. ತುಟಿ ನೀಲಿಯಾಗಿದೆಯಾ, ಪಕ್ಕೆ ಒಳಕ್ಕೆ ಸೆಳೆಯುತ್ತಿದೆಯಾ, ಮಗು ನರಳುತ್ತಿದೆಯಾ ಅಂತೆಲ್ಲ ನೋಡಿ ಆಮೇಲೆ, ಹೇಗೆ ಎಣಿಸಿದಿರಿ ಅಂದಳು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ ಅಂದರು ನಿಮ್ಮಪ್ಪ, ಅಂಗಡಿಯ ಗತ್ತಿನಲ್ಲೇ. ರಿಪೇರಿಗೆ ಬಂದ ಗಡಿಯಾರಗಳ ಟಿಕ್‌ಟಿಕ್ ಅವರು ಜೀವಮಾನವಿಡೀ ಎಣಿಸಿರುವುದು ಹಾಗೇ ಅಲ್ಲವೇ.

"ಗಡಿಯಾರ ಒಂದೇ ಸಮ ನಡೆಯುತ್ತೆ ತಾತ, ಕೂಸಿನ ಉಸಿರು ಹಾಗಲ್ಲ," ಅಂದಳು.

ಎಳೆಗೂಸು ಬಿರಬಿರನೆ ಒಂದಷ್ಟು ಉಸಿರೆಳೆದು, ಚೂರು ನಿಲ್ಲಿಸಿ, ಮತ್ತೆ ಶುರು ಮಾಡುತ್ತಂತೆ. ಅದಕ್ಕೇ ಸುಮ್ಮನೆ ಮಲಗಿದ್ದಾಗ ಪೂರಾ ಒಂದು ನಿಮಿಷ ಎಣಿಸಬೇಕಂತೆ. ಎಣಿಸಿದೆವು, ನಲವತ್ತನಾಲ್ಕು. ಈ ವಯಸ್ಸಿಗೆ ಮೂವತ್ತರಿಂದ ಅರವತ್ತು ಸಹಜ, ಅರವತ್ತು ದಾಟಿಯೇ ಇದ್ದರೆ ತಡಮಾಡದೆ ಬನ್ನಿ ಅಂದಳು. ಬೆಳೆಯುತ್ತ ಇಳಿಯುತ್ತೆ, ಶಾಲೆಗೆ ಹೋಗುವ ಮಕ್ಕಳಿಗೆ ಇಪ್ಪತ್ತರ ಆಸುಪಾಸು, ದೊಡ್ಡವರಿಗೆ ಹನ್ನೆರಡರಿಂದ ಇಪ್ಪತ್ತು.

ಅವತ್ತಿನಿಂದ ನಿಮ್ಮಪ್ಪನಿಗೆ ಅದೇ ಹುಚ್ಚು. ಚಿತ್ರ ಬರೆಯುತ್ತ ಕೂತ ಗುಂಡನ ಅಕ್ಕನದು ಇಪ್ಪತ್ತೆರಡು, ಬಟ್ಟೆ ಮಡಿಸುತ್ತಿದ್ದ ನನ್ನದು ಹದಿನಾರು. ಗೊತ್ತಾದರೆ ನಮ್ಮ ಉಸಿರಿನ ಗತಿ ಬದಲಾಗುತ್ತಂತೆ, ಅದಕ್ಕೆ ಕಳ್ಳನ ಹಾಗೆ ಎಣಿಸುತ್ತಾರೆ. ಈ ಮನೆಯಲ್ಲಿ ನೆಮ್ಮದಿಯಾಗಿ ಉಸಿರಾಡುವ ಹಾಗೂ ಇಲ್ಲ ಅಂತ ಸೊಸೆ ನಗುತ್ತಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸ ಹೂವೆತ್ತಿದ ಹಾಗೆ ನಡೆಯಲಿ, ನಿನ್ನ ಮನಸ್ಸು ತಣ್ಣಗಿರಲಿ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಊಟವಾದ ಮೇಲೆ ನಿಮ್ಮಪ್ಪ ಕುರ್ಚಿಯಲ್ಲೇ ನಿದ್ದೆಹೋದರು. ತಮಾಷೆಗೆ ಅಂತ ನಾನೂ ಅವರ ಉಸಿರು ಎಣಿಸಿದೆ. ಇಪ್ಪತ್ತೆಂಟು. ನನಗೆಲ್ಲಿ ಎಣಿಸಲು ಬರುತ್ತೆ ಅಂದುಕೊಂಡು ಇನ್ನೊಂದು ನಿಮಿಷ ಎಣಿಸಿದೆ. ಅಷ್ಟೇ ಬಂತು. ಎಬ್ಬಿಸಿ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಆಸ್ಪತ್ರೆಯಿಂದ ಬಂದ ದಿನಾನೇ ಎಣಿಸ್ಕೊಂಡಿದ್ದೆ ಕಣೇ. ಕೂಸು ಬಂದಿರೋ ಮನೇಲಿ ನಂದೊಂದು ಯಾಕೆ ಅಂತ ಸುಮ್ನಿದ್ದೆ."

ನಮ್ಮೆಲ್ಲರ ಉಸಿರು ಎಣಿಸುತ್ತಿದ್ದದ್ದು ತಮ್ಮೊಬ್ಬರದೇ ಹೀಗಾ ಅಂತ ನೋಡಲಿಕ್ಕಂತೆ. ನಿನ್ನ ತಮ್ಮ ಗಾಡಿ ತರಲು ಹೋಗಿದ್ದಾನೆ. ಇವರು ಅಂಗಿ ಹಾಕಿಕೊಳ್ಳುತ್ತಿದ್ದಾರೆ, ಒಂದು ಗುಂಡಿ ಹಾಕಿ ಕೂತು ಸುಧಾರಿಸಿಕೊಳ್ಳುತ್ತಾರೆ. ನಿನಗೆ ತಿಳಿಸಬೇಡ ಅಂದಿದ್ದಾರೆ. ನನಗೆ ಭಯವಾಗಿದೆ ಮಗಳೇ. ಕಾಗದ ಮುಟ್ಟಿದ ಕೂಡಲೇ ಹೊರಟು ಬಾ.